ಹದಿನೈದನೆಯ ಅರ್ಜಿ

ನೀಲಕಂಠ ಸರ್ ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಇತಿಹಾಸದ ಅತಿಥಿ ಉಪನ್ಯಾಸಕರು. ಹನ್ನೊಂದು ವರ್ಷ ಇದ್ದವರನ್ನು ಯಾವ ಮನೆಯಲ್ಲೂ ಅತಿಥಿ ಎನ್ನುವುದಿಲ್ಲ, ಆ ಮಾತು ಬೇರೆ. ದೇಗಾಂವದ ಪೂಜಾರಿಗಳ ಮನೆತನ. ಸಂಕಲ್ಪ ಹೇಳಿದ ಹಾಗೆ ಒಂದೇ ದನಿಯಲ್ಲಿ ಪಾಣಿಪತ್ತನ್ನೂ ಕಿತ್ತೂರನ್ನೂ ಮುಗಿಸುತ್ತಿದ್ದರು. ಮೊದಲು ಹಾಗಿರಲಿಲ್ಲವಂತೆ; ಯುದ್ಧದ ಪಾಠ ಬಂದರೆ ಬೆಂಚು ಹತ್ತಿ ನಿಲ್ಲುತ್ತಿದ್ದರಂತೆ. ಕನ್ನಡ ಕಲಿಸುವ ನಾನು ಸೇರಿದ್ದು ತಡವಾಗಿ, ಅದನ್ನು ನೋಡಲಿಲ್ಲ.

ಈ ಸಲ ಪ್ರಿನ್ಸಿಪಾಲರು ಖಡಾಖಡಿ ಹೇಳಿಬಿಟ್ಟರು: ಇತಿಹಾಸಕ್ಕೆ ಹದಿನೈದು ಮಕ್ಕಳಾಗದಿದ್ದರೆ ವಿಭಾಗ ಬಂದ್. ಅಂದರೆ ಸರ್ ಮನೆಗೆ. ಹತ್ತನೆಯ ತರಗತಿ ಪಾಸಾದವರ ಪಟ್ಟಿ ಹಿಡಿದು ಬಿಸಿಲಲ್ಲಿ ಊರೂರು ಅಲೆದೆವು. ಸ್ಕೂಟಿ ನನ್ನದು, ಹಿಂದಿನ ಸೀಟು ಅವರದು. ಹದಿನಾಲ್ಕು ಅರ್ಜಿ ಆದವು. ಕೊನೆಯ ದಿನ ನೇಸರಗಿಯ ಭರಮಪ್ಪನವರ ಮನೆಯೊಂದೇ ಉಳಿದಿತ್ತು.

"ಏನ ಅನಸ್ತೈತ್ರಿ ಸರ್?" ಎಂದು ಕೇಳಿದೆ.

"ಏನೂ ಅನಸವಲ್ದ್ರಿ ಮೇಡಮ್."

ನನಗೆ ಸಿಟ್ಟೇ ಬಂತು. ಕೆಲಸ ಹೋಗುವುದು ಅವರದು, ನಿದ್ದೆ ಕೆಟ್ಟದ್ದು ನನ್ನದು!

ಭರಮಪ್ಪ ಚಾಪೆ ಹಾಸಿ ಚಹಾ ತರಿಸಿದರು. ನಾವು ಬಾಯಿ ಬಿಡುವ ಮೊದಲೇ ಅವರ ಮಗಳು ಮಹಾನಂದಾ, "ನನಗ ಇತಿಹಾಸನ ಬೇಕ್ರಿ ಸರ್. ಸಮಾಜದಾಗ ತೊಂಬತ್ತೆಂಟು ಬಿದ್ದಾವ್ರಿ," ಎಂದಳು. ನನಗೆ ಹೋದ ಜೀವ ಬಂದಂತಾಯಿತು.

ಭರಮಪ್ಪ ಅವಸರ ಮಾಡಲಿಲ್ಲ. "ನನಗ ಇದೆಲ್ಲಾ ತಿಳಿಯಂಗಿಲ್ರಿ. ನಿಮಗೂ ಮಗಳ ಅದಾಳಂತಲ್ರಿ ಸರ್, ಆಕಿಗಿ ಏನ ಓದಸಾಕತ್ತೀರಿ?"

"ಶರ್ವರಿ ಕಾಮರ್ಸ್ ಓದಲಿಕ್ಕತ್ತಾಳ್ರಿ."

"ಹಂಗಾದ್ರ ಅದನ್ನ ಬರೀರಿ. ನಿಮ್ಮ ಮಗಳಿಗಿ ಚಲೋ ಆದದ್ದು ನಮ್ಮ ಮಗಳಿಗೂ ಚಲೋನ."

ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ದೇಗಾಂವಕ್ಕೆ ಹೋಗಿ ಯಾರು ವಿಚಾರಿಸುತ್ತಿದ್ದರು? ಸರ್ ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡರು. ಹುಡುಗಿಯ ಹೆಸರು ಬರೆದರು, ಊರು ಬರೆದರು, ವಿಭಾಗ ಎಂದಿರುವಲ್ಲಿ 'ವಾಣಿಜ್ಯ' ಎಂದು ಬರೆದರು. ನಾನು ಚಹಾದ ಲೋಟ ಕೆಳಗಿಟ್ಟೆ.

ಮಹಾನಂದಾ ಬಗ್ಗಿ ಓದಿದಳು. "ಸರ್, ನೀವ ಹಿಂಗ ಬರದ್ರ ನಾ ಮತ್ತ ಯಾರನ್ನ ಕೇಳ್ಲಿ?"

ನೀಲಕಂಠ ಸರ್ ತಲೆ ಎತ್ತಲಿಲ್ಲ. "ಇಲ್ಲಿ ನಿಮ್ಮಪ್ಪನ ಸಹಿ ಆಗಬೇಕವಾ," ಎಂದು ಬೆರಳಿಟ್ಟು ತೋರಿಸಿದರು.