ಕಿತ್ತು ಹಾಕಿದ ಹಸಿರು ವೈರು

ಮೊನ್ನೆ ಚಹಾಕ್ಕೆ ನೀರು ಕಾಯಿಸುವಾಗ ಕರೆಂಟ್ ಜಗ್‌ನ ಪ್ಲಗ್ ಸುಟ್ಟು, ಅಡುಗೆಮನೆಯ ತುಂಬ ಕರಕಲು ಪ್ಲಾಸ್ಟಿಕ್ಕಿನ ವಾಸನೆ. ಕಿಟಕಿ ತೆರೆದಿಟ್ಟರೂ ಹೋಗಲಿಲ್ಲ. ಹಿಂದೆ ಪಕ್ಕದ ಮನೆಯಲ್ಲಿದ್ದ ಅಂಕಲ್ ನೆನಪಾದರು. ಹಿಂದೆಯೇ ಸಿಟ್ಟೂ ಬಂತು.

ಆಗ ನಾವು ಈ ಮೌಂಟ್ ರಾಸ್ಕಿಲ್‌ಗೆ ಬಂದಿರಲಿಲ್ಲ. ಈ ಪರದೇಶದ ದಕ್ಷಿಣ ದ್ವೀಪದ ಕೊರೆಯುವ ಚಳಿಯ ಊರಲ್ಲಿದ್ದೆವು. ಗದಗದ ಕಡೆ ಲೈನ್‌ಮನ್ ಆಗಿದ್ದ ಅಂಕಲ್ ನಿವೃತ್ತರಾಗಿ ಮಗಳ ಮನೆ ಸೇರಿದ್ದರು. ಮಗಳು ನರ್ಸ್, ಬೆಳಕು ಹರಿಯುವ ಮೊದಲೇ ಡ್ಯೂಟಿ. ಅವಳ ಹಳೆಯ ಡೀಸೆಲ್ ಯೂಟ್, ಹಿಂದೆ ತೆರೆದ ತೊಟ್ಟಿಯಿರುವ ಗಾಡಿ, ಆ ಚಳಿಗೆ ಸ್ಟಾರ್ಟ್ ಆಗಬೇಕಾದರೆ ಎಂಜಿನ್ನಿಗೆ ಕೂರಿಸಿದ ಹೀಟರಿಗೆ ಮನೆಯಿಂದ ಕರೆಂಟ್ ಕೊಡಬೇಕಿತ್ತು. ಆ ವರ್ಷ ಪ್ಲಗ್ ಹಾಕಿದರೆ ಸಾಕು, ಫ್ಯೂಸ್ ಹೋಗತೊಡಗಿತು.

ಅಂಕಲ್ ಪ್ಲಗ್ ಬದಲಿಸಿದರು. ಉದ್ದನೆಯ ವೈರೂ ಹೊಸದು ತಂದರು. ಮತ್ತೆ ಫ್ಯೂಸ್ ಹೋಯಿತು. ಅಲ್ಲಿಗೆ ದೋಷ ಹೀಟರಿನ ಒಳಗೇ ಇದೆ ಎಂದು ನನಗೂ ತಿಳಿಯಿತು. ಅವರಿಗೆ ತಿಳಿಯಲಿಲ್ಲವೇ?

"ಇಲೆಕ್ಟ್ರಿಶಿಯನ್ ಕರಸ್ರಿ ಅಂಕಲ್," ಎಂದೆ, ಬೇಲಿಯ ಈಚೆಯಿಂದ.

"ನನಗ ಕರೆಂಟ್ ಕಲಸ್ತಿ ಏನವಾ? ಕಂಬದ ಮ್ಯಾಲೆ ಕುಂತು ರೊಟ್ಟಿ ತಿಂದಾಂವ ನಾ!" ಎಂದು ನಕ್ಕು, ಪ್ಲಗ್ ಬಿಚ್ಚಿ ಹಸಿರು ವೈರನ್ನು ಕಿತ್ತರು. ಅದು ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ವೈರು.

"ಅಪ್ಪಾ, ಅದನ್ನ ತಗೀಬ್ಯಾಡ," ಎಂದಳು ಮಗಳು.

"ನಮ್ಮೂರಾಗ ಅರ್ಧಾ ಮನಿಗೆ ಅರ್ಥಿಂಗೇ ಇಲ್ಲ. ಯಾರು ಸತ್ತಾರ? ನಾಳೆ ನಿನ್ನ ಗಾಡಿ ಹೆಂಗ ಎದ್ದು ಕುಂದ್ರತದ, ನೋಡು."

ಫ್ಯೂಸ್ ಹೋಗಲಿಲ್ಲ. ನೆಲಕ್ಕೆ ಹೋಗಬೇಕಾದ ಕರೆಂಟ್ ದಾರಿ ಕಾಣದೆ ಗಾಡಿಯ ಮೈಯಲ್ಲೇ ಕಾದು ಕುಳಿತಿತ್ತು. ಮಗಳು ಹೊರಡುವ ಮುಂಚೆ ಗಾಜಿನ ಮೇಲಿನ ಮಂಜು ಕೆರೆಯುವುದು ದಿನವೂ ಅಂಕಲ್ ಕೆಲಸ. ಬೆಳಿಗ್ಗೆ ಒದ್ದೆ ಹುಲ್ಲಿನ ಮೇಲೆ ನಿಂತು, ಗಾಡಿಯ ಮುಂಭಾಗದ ಕಬ್ಬಿಣದ ಸರಳು ಹಿಡಿದರು... ಅಷ್ಟೇ.

ಅಂತ್ಯಕ್ರಿಯೆಗೆ ಬಂದವರೆಲ್ಲ ಹಣೆಬರಹ ಎಂದರು. ಎಂಥ ಹಣೆಬರಹ? ಸೀಳು ಬಿಟ್ಟ ಹೀಟರ್ ಅದು. ಆಮೇಲೆ ಮೆಕ್ಯಾನಿಕ್ ಬಂದು, ನಾನು ಕೊಟ್ಟ ಕಾಫಿ ಆರುವಷ್ಟರಲ್ಲಿ ಬದಲಿಸಿ ಹೋದ. ಫ್ಯೂಸ್ ಪ್ರತಿ ಸಲವೂ ಬೇಡ, ಬೇಡ ಎಂದೇ ಹೇಳುತ್ತಿತ್ತು. ಅಂಕಲ್ ಅದರ ಬಾಯಿ ಮುಚ್ಚಿಸಿದರು. ಅವತ್ತು ಅವರು ಏಳುವುದು ತಡವಾಗಿದ್ದರೆ ಆ ಸರಳಿಗೆ ಮೊದಲು ತಗಲುತ್ತಿದ್ದುದು ಮಗಳ ಕೈ. ಅದನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಮಗಳು ಈಗ ನಮ್ಮ ಹತ್ತಿರದ ನ್ಯೂ ಲಿನ್‌ನಲ್ಲಿದ್ದಾಳೆ. ಭಾನುವಾರ ಹೋದಾಗ ಮತ್ತೆ ಇದೇ ಮಾತು ಬಂತು, ನಾನು ಮತ್ತೆ ಬೈದೆ.

"ಅಪ್ಪಗ ಬೈಬ್ಯಾಡ್ರಿ ಆಂಟಿ," ಎಂದಳು.

ಬೈಯದೆ ಏನು ಮಾಡಲಿ? ತಿರುಗಿ ನನಗೊಂದು ಮಾತು ಎಸೆದು ನಗಲು ಅವರಿಲ್ಲವಲ್ಲ...