ಸಿಸ್ಟರ್ ಬಿಟ್ಟೆದ್ದ ಊಟ

ಇದನ್ನು ಹೇಳಬೇಕೆಂದುಕೊಂಡು, ಹೇಳದೆ, ವರ್ಷಗಳನ್ನು ಕಳೆದೆ. ಮೊನ್ನೆ ಮಧ್ಯಾಹ್ನ ಉಣ್ಣಲು ಕೂತಾಗ ಕೈಯಿಂದ ಸ್ಪಿರಿಟ್ ವಾಸನೆ ಬಂತು. ಲಕ್ವ ಹೊಡೆದು ಮಲಗಿರುವ ನನ್ನ ಹೆಂಡತಿಯ ಬೆನ್ನಿನ ಹುಣ್ಣು ಒರೆಸಿ, ಸೋಪು ಹಾಕಿ ಕೈ ತೊಳೆದೇ ಬಂದಿದ್ದೆ. ಆದರೂ ಮುದ್ದೆ ಮುರಿಯುವಾಗ ಬೆರಳಲ್ಲಿ ಅದೇ ವಾಸನೆ. ಅಷ್ಟರಲ್ಲಿ ಒಳಗಿನಿಂದ ಅವಳು ನರಳಿದಳು. ಸೊಸೆ ಬಾಣಾವರದ ಶಾಲೆಗೆ ಹೋಗಿದ್ದಳು. ಹಗಲೆಲ್ಲ ನನ್ನದೇ ಪಾಳಿ. ನಾನು ಏಳಲಿಲ್ಲ. ಮುದ್ದೆ ಮುಗಿಸಿ, ಮಜ್ಜಿಗೆ ಕುಡಿದು, ಆಮೇಲೆ ಎದ್ದೆ. ಕೈ ತೊಳೆಯುವಾಗ ಆ ಸಿಸ್ಟರ್ ನೆನಪಾದರು...

ಬಹಳ ವರ್ಷಗಳ ಹಿಂದೆ ಅವ್ವನಿಗೆ ಉಬ್ಬಸ ಜೋರಾಗಿ, ಗಂಡಸಿಯಿಂದ ಕರೆತಂದು ಅರಸೀಕೆರೆಯ ಒಂದು ಸಣ್ಣ ಆಸ್ಪತ್ರೆಗೆ ಸೇರಿಸಿದ್ದೆವು. ಸಿಸ್ಟರ್ ಬೇಲೂರಿನ ಕಡೆಯವರು, ನನಗಿಂತ ಚಿಕ್ಕವರು. ಅವ್ವನಿಗೆ ತಲೆ ಬಾಚುವರು, ಗಂಜಿ ಕುಡಿಸುವರು, ಡ್ಯೂಟಿ ಮುಗಿದರೂ ಬಸ್ಸಿಗೆ ಹೊತ್ತಾಯಿತೆನ್ನದೆ ಮಂಚದ ತುದಿಯಲ್ಲಿ ಕೂತು ಮಾತಾಡುವರು. ಅವ್ವ ಬೇರೆ ಯಾರಿಗೂ ಕೈ ಚಾಚುತ್ತಿರಲಿಲ್ಲ.

“ನೀನು ಚುಚ್ಚಿದ್ರೆ ಗೊತ್ತೇ ಆಗಕಿಲ್ಲ ಕಣೇ. ಆ ಡಾಕ್ಟ್ರು ಹೋರಿ ಮೂಗು ಚುಚ್ಚಿದಂಗೆ ಚುಚ್ತಾನೆ,” ಅನ್ನುವಳು.

ಸಿಸ್ಟರ್ ಬಾಗಿಲ ಕಡೆ ನೋಡಿ, “ಮೆಲ್ಲಗೆ ಅನ್ನಿ ಅವ್ವ. ಕೇಳಿಸ್ಕೊಂಡ್ರೆ ನಾಳೆ ದಬ್ಬಳ ತತ್ತಾರೆ,” ಎನ್ನುವರು.

ಒಂದು ಬೆಳಿಗ್ಗೆ ಅವ್ವ ತೀರಿಹೋದಳು. ಹಿಂದಿನ ರಾತ್ರಿ ನಾನು ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಉಂಡು ಬಂದು, ಹೊರಗಿನ ಬೆಂಚಿನ ಮೇಲೆ ನಿದ್ದೆ ಹೋಗಿದ್ದೆ. ಎಬ್ಬಿಸಿದಾಗ ಎಲ್ಲ ಮುಗಿದಿತ್ತು.

ನಮ್ಮ ಕಡೆ ಸಾವಾದರೆ, ಹೆಣ ಎತ್ತುವವರೆಗೆ ಆ ಬೀದಿಯಲ್ಲೇ ಒಲೆ ಹಚ್ಚುವುದಿಲ್ಲ. ಮಕ್ಕಳಿಗೆ ಮರೆಯಲ್ಲಿ ಏನಾದರೂ ಕೊಡುತ್ತಾರೆ, ದೊಡ್ಡವರು ಉಣ್ಣುವುದಿಲ್ಲ. ಊರಿಂದ ಗಾಡಿ ಬರಬೇಕಿತ್ತು. ಅವ್ವ ಇನ್ನೂ ಮಂಚದ ಮೇಲೇ ಇದ್ದಳು. ಆಗ ನನ್ನ ಭಾವಮೈದ ತೋಳು ತಿವಿದ.

“ನೋಡು ಭಾವ ಅಲ್ಲಿ. ಅತ್ತೆಮ್ಮನ ಮುದ್ದಿನ ಸಿಸ್ಟರ್ರು ಉಣ್ತಾ ಅವ್ರೆ.”

ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಸಿಸ್ಟರ್ ಸ್ಟೂಲಿನ ಮೇಲೆ ಕೂತು ಬುತ್ತಿ ಬಿಚ್ಚಿದ್ದರು. ಮೊದಲ ತುತ್ತು ಕೈಯಲ್ಲಿತ್ತು. ನಾನು ಒಳಗೆ ನುಗ್ಗಿ ಡಬ್ಬಿಗೆ ಕೈ ಬೀಸಿದೆ. ಚಿತ್ರಾನ್ನ ನೆಲದ ತುಂಬ ಚೆಲ್ಲಿತು.

“ಹೆಣ ಇನ್ನೂ ಮಂಚದ ಮೇಲೈತೆ. ನಿಂಗೆ ಅನ್ನ ಹೆಂಗೆ ಇಳೀತೈತೆ?”

ವಾರ್ಡಿನವರೆಲ್ಲ ಬಾಗಿಲಿಗೆ ಬಂದರು. ಕೈಯಲ್ಲಿದ್ದ ತುತ್ತನ್ನು ಏನು ಮಾಡಬೇಕೆಂದು ಸಿಸ್ಟರಿಗೆ ತೋಚಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದರು:

“ಅಣ್ಣಾ, ಇಲ್ಲಿ ಇವತ್ತು ಇವ್ರು, ನಾಳೆ ಇನ್ನೊಬ್ರು. ನಾನು ಯಾವತ್ತು ಉಣ್ಲಿ?”

ಆಗಲಾದರೂ ಸುಮ್ಮನಾಗಬಹುದಿತ್ತು. ಅವರ ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರು ಓದಿದೆ. ಆ ಹೆಸರು ಹಿಡಿದು ಕೂಗಿ, ಕರುಣೆ ಇಲ್ಲದವಳು ಎಂದೆ, ಸಂಬಳಕ್ಕಾಗಿ ಅವ್ವ ಅವ್ವ ಎಂದು ನಾಟಕವಾಡಿದವಳು ಎಂದೆ. ಅವರು ತುತ್ತನ್ನು ಖಾಲಿ ಡಬ್ಬಿಗೆ ಹಾಕಿ ಎದ್ದರು. ಕೈ ತೊಳೆದು ಬಂದು, ಅವ್ವನ ಕಾಲಿನ ಹೆಬ್ಬೆರಳುಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಜೋಡಿಸಿ ಕಟ್ಟಿದರು.

ಚೆಲ್ಲಿದ್ದನ್ನು ಗುಡಿಸುತ್ತಿದ್ದ ಆಯಾ ನನ್ನ ಕಡೆ ನೋಡದೆ ಮಾತಾಡಿದಳು. ಬದಲಿ ಸಿಸ್ಟರ್ ಬರಲಿಲ್ಲವೆಂದು ಅವರು ನಿನ್ನೆಯಿಂದ ಮನೆಗೇ ಹೋಗಿಲ್ಲ, ರಾತ್ರಿಯೆಲ್ಲ ನಿಮ್ಮವ್ವನ ಬೆನ್ನು ನೀವುತ್ತ ನಿಂತಿದ್ದರು ಎಂದಳು. ನನಗೆ ಚೆನ್ನಾಗಿ ಕೇಳಿಸಿತು. ಕೇಳಿಸದವನಂತೆ, ಗಾಡಿ ಬಂತೇ ಎಂದು ನೋಡಲು ಹೊರಗೆ ಹೋದೆ.

ತಿಥಿಯ ದಿನ ಪಂಕ್ತಿಯಲ್ಲಿ ಕೂತು ಇದನ್ನೇ ಸಾಹಸದಂತೆ ಹೇಳಿಕೊಂಡೆ. ಸರಿಯಾಗೇ ಮಾಡಿದೆ ಎಂದು ನೆಂಟರು ತಲೆದೂಗಿದರು. ಆಯಾ ಹೇಳಿದ್ದನ್ನು ಮಾತ್ರ ಹೇಳಲಿಲ್ಲ.

ಮುಂದೊಂದು ವರ್ಷ ಜ್ವರವೆಂದು ಮಗನನ್ನು ಅದೇ ಆಸ್ಪತ್ರೆಗೆ ಸೇರಿಸಿದೆ. ಸಿಸ್ಟರ್ ಇದ್ದರು. ಯಾರ ಮುಖವನ್ನೂ ನೋಡದೆ ಮಂಚದ ನಂಬರ್ ಕೂಗುತ್ತಿದ್ದರು. ಒಬ್ಬ ಅಜ್ಜಿ ಕೈ ಹಿಡಿದು ಏನೋ ಹೇಳಹೊರಟರೆ, ಕೈ ಬಿಡಿಸಿಕೊಂಡು ಮುಂದೆ ಹೋದರು. ನನ್ನೊಬ್ಬನಿಂದಲೇ ಹಾಗಾದರೆಂದು ಹೇಳಲಾರೆ. ಅವರ ಕೈಯಲ್ಲೇ ಎಷ್ಟು ಜನ ಕಣ್ಣು ಮುಚ್ಚಿದ್ದರೋ... ಆದರೆ ಮಧ್ಯಾಹ್ನ ನಾನು ಕಂಡದ್ದು ನನ್ನದೇ ಕೆಲಸ. ಅದೇ ಕೋಣೆಯಲ್ಲಿ, ಬಾಗಿಲ ಹಿಂದೆ, ಗೋಡೆಗೆ ಮುಖ ಮಾಡಿ, ನಿಂತುಕೊಂಡೇ ಗಬಗಬನೆ ಉಣ್ಣುತ್ತಿದ್ದರು. ನನ್ನ ಹೆಜ್ಜೆ ಸಪ್ಪಳಕ್ಕೆ ಬೆಚ್ಚಿ ಡಬ್ಬಿ ಮುಚ್ಚಿದರು.

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವರು ನನ್ನನ್ನು ಗುರುತು ಹಿಡಿದರು. ಅದು ಕಣ್ಣಲ್ಲೇ ತಿಳಿಯಿತು.

“ಹುಡುಗನ ಮಾತ್ರೆ ಊಟ ಆದ್ಮೇಲೆ ಕೊಡಿ,” ಎಂದರು.

ಸರಿ ಎಂದು ಬಂದುಬಿಟ್ಟೆ.

ಮೊನ್ನೆ ಹೆಂಡತಿ ನರಳುತ್ತಿದ್ದರೂ ನಾನು ಉಣ್ಣುತ್ತಲೇ ಇದ್ದೆ. ಯಾರೂ ಬಂದು ನನ್ನ ತಟ್ಟೆ ಚೆಲ್ಲಲಿಲ್ಲ. ಮಾರನೇ ದಿನ ಸೊಸೆಗೆ ರಜೆ, ಅರಸೀಕೆರೆಗೆ ಹೋದೆ. ಆಸ್ಪತ್ರೆ ಇದ್ದ ಕಡೆ ಈಗ ಬಟ್ಟೆ ಅಂಗಡಿ. ಪಕ್ಕದ ಔಷಧಿ ಅಂಗಡಿಯವರು ಹಳಬರು. ಸಿಸ್ಟರ್ ಕೆಲಸ ಬಿಟ್ಟು ಬೇಲೂರಿಗೆ ಹೋದದ್ದು, ಅಲ್ಲೇ ತೀರಿಕೊಂಡದ್ದು ಅವರಿಗೆ ಗೊತ್ತಿತ್ತು. ನಿಮಗೆ ಏನಾಗಬೇಕು ಎಂದು ಕೇಳಿದರು. ಏನೂ ಇಲ್ಲ ಎಂದೆ...

ಕ್ಷಮೆ ಕೇಳುವ ಕಾಲ ದಾಟಿಹೋಗಿದೆ. ಅಂದು ವಾರ್ಡಿಗೆಲ್ಲ ಕೇಳುವಂತೆ ಬೈಗುಳದ ಜೊತೆ ಕೂಗಿದ ಹೆಸರನ್ನು ಇಂದಿನವರೆಗೆ ಮತ್ತೆ ಬಾಯಲ್ಲಿ ಆಡಿಲ್ಲ. ಈಗ ಬರೆಯುತ್ತೇನೆ. ಸರೋಜಮ್ಮ.