ಡಾಕ್ಟ್ರ ಎಡಬದಿ

ಮೊನ್ನೆ ಕುಂದಾಪುರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಅಂಗಿ ಎತ್ತಿ ಮಲಗಿದ್ದೆ. ಸೊಂಟದ ನೋವಿಗೆ ನಾನು ಬಸ್ ಸ್ಟ್ಯಾಂಡಿನಲ್ಲಿ ಕುಣಿದ ಕುಣಿತವನ್ನು ಬೇರೆ ಯಾರಾದರೂ ಕುಣಿದಿದ್ದರೆ ವರ್ಷವಿಡೀ ಅಣಕಿಸುತ್ತಿದ್ದೆ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಬಿತ್ತು ನೋಡಿ... ಮೈ ಜುಮ್ಮೆಂದಿತು. ಕೆಲವು ವರ್ಷಗಳ ಹಿಂದೆ ಗಂಗೊಳ್ಳಿ ಬಂದರಿನಲ್ಲಿ ಇದೇ ಜೆಲ್ಲನ್ನು ನಾನೇ ಒಬ್ಬರ ಪಕ್ಕೆಗೆ ಸವರಿದ್ದೆ.

ಅವರು ಬ್ರಹ್ಮಾವರದವರು. ನಮಗೆಲ್ಲ ಕಲ್ಲಿನ ಡಾಕ್ಟ್ರು. ಕಡಲಿಗೆ ಹೋಗುವವರಿಗೆ ಮೂತ್ರದ ಕಲ್ಲು ಯಾಕೆ ಇಷ್ಟೊಂದು ಆಗುತ್ತದೆ ಎಂಬುದು ಅವರ ಸಂಶೋಧನೆ. ಕ್ಯಾನಿನ ನೀರು ಮುಗಿದೀತೆಂದು ಉರಿಬಿಸಿಲಲ್ಲೂ ಗುಟುಕು ಗುಟುಕಾಗಿ ಕುಡಿಯುವವರು ನಾವು. ಅವರಿಗೆ ಬೇಕಾದದ್ದೂ ನಮ್ಮಂಥವರೇ. ಶನಿವಾರ ಶನಿವಾರ ಐಸ್ ಪ್ಲಾಂಟಿನ ಪಕ್ಕದ ಖಾಲಿ ಕೋಣೆಗೆ ಪುಟ್ಟ ಸ್ಕ್ಯಾನಿಂಗ್ ಮೆಷಿನ್ ಹಿಡಿದು ಬರುತ್ತಿದ್ದರು.

ಮೊದಲ ದಿನ ಒಬ್ಬನೂ ಮಲಗಲಿಲ್ಲ. "ಹ್ವಾಯ್ ಡಾಕ್ಟ್ರೇ, ಅದ್ ಬಸ್ರಿ ಹೆಂಗ್ಸ್ರಿಗ್ ಮಾಡುದಲ್ದಾ?" ಎಂದ, ನಮ್ಮ ಬೋಟು ನಡೆಸುವ ತಂಡೇಲ.

ಡಾಕ್ಟ್ರು ತಮ್ಮ ಅಂಗಿಯನ್ನೇ ಎತ್ತಿ, ಬಲಪಕ್ಕೆಗೆ ಜೆಲ್ ಸವರಿ, ಪರದೆ ತೋರಿಸಿದರು. "ಕಾಣಿ, ಇದ್ ನನ್ ಕಿಡ್ನಿ. ಕಲ್ಲೂ ಇಲ್ಲೆ, ಬಸ್ರೂ ಇಲ್ಲೆ."

ಕೋಣೆಯೆಲ್ಲ ನಗು. ಅವತ್ತಿನಿಂದ ಪ್ರತಿ ಶನಿವಾರ ಮೊದಲು ಅವರದೇ ಕಿಡ್ನಿ, ಆಮೇಲೆ ನಮ್ಮದು. ಬಲಗೈಗೆ ಸಿಗುತ್ತದೆಂದು ಯಾವಾಗಲೂ ಬಲಬದಿಯೇ.

ನಾನು ಎದುರು ನಿಂತು ಅದನ್ನೆಲ್ಲ ಕಲಿತೆ. ಆ ಕೆಮ್ಮು, ಕನ್ನಡಕ ಹಣೆಗೇರಿಸುವುದು, "ನೀರ್ ಕುಡಿನಿ ಮಾರಾಯ್ರೆ" ಎಂಬ ರಾಗ. ಎದುರು ನಿಂತು ಕಲಿತದ್ದಕ್ಕೆ ಕನ್ನಡಿಯ ಹಾಗೆ ಎಡಬಲ ಅದಲುಬದಲಾಗಿ, ನನ್ನ ಅಣಕದಲ್ಲಿ ಅವರ ಬಲಪಕ್ಕೆ ಎಡಪಕ್ಕೆಯಾಗಿತ್ತು. ಐದು ತಿಂಗಳು ಬೋಟಿನವರನ್ನು ನಗಿಸಿದೆ, ಎಲ್ಲ ಅವರ ಬೆನ್ನ ಹಿಂದೆ. ಮುಖದೆದುರು ಮಾಡುವಷ್ಟು ಗಂಡೆದೆ ಎಲ್ಲಿತ್ತು?

ಕೊನೆಗೆ ತಂಡೇಲನೇ ಚಾಡಿ ಹೇಳಿದ. "ಡಾಕ್ಟ್ರೇ, ಇಂವ ನಿಮ್ಮನ್ನ್ ಮಾಡಿ ತೋರಿಸ್ತ ಕಾಣಿ."

"ಹೌದನಾ? ಹಂಗಾರೆ ನನ್ ಮೇಲೇ ಮಾಡ್, ಕಾಂಬ" ಎಂದು ಅವರು ಬೆಂಚಿನ ಮೇಲೆ ಮಲಗಿಯೇಬಿಟ್ಟರು.

ಕೆಮ್ಮಿದೆ. ಇಲ್ಲದ ಕನ್ನಡಕ ಏರಿಸಿದೆ. ಅಭ್ಯಾಸದಂತೆ ಅವರ ಎಡಪಕ್ಕೆಗೆ ಜೆಲ್ ಸವರಿ ಉಪಕರಣ ಒತ್ತಿ ಆಚೀಚೆ ಜಾರಿಸಿದೆ. ಪರದೆಯ ಮೇಲೆ ಕಿಡ್ನಿಯ ಅಂಚಿನಲ್ಲಿ ಎಳನೀರಿನ ಕಾಯಿಯ ಹಾಗೆ ಗುಂಡಗೆ ಏನೋ ಉಬ್ಬಿತ್ತು. ಅವರದೇ ಗಂಟಲಿನಲ್ಲಿ ಕೂಗಿದೆ: "ಅಯ್ಯಯ್ಯ, ಇದ್ ಕಲ್ಲಲ್ಲ ಮಾರಾಯ್ರೆ, ಬೊಂಡವೇ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರೂ ನಗುತ್ತಲೇ ಪರದೆಯ ಕಡೆ ತಿರುಗಿದರು. ನಗು ಅಲ್ಲೇ ನಿಂತಿತು. ನನ್ನ ಮಣಿಕಟ್ಟು ಹಿಡಿದರು.

"ಅಲ್ಲೇ ಹಿಡ್ಕೊ. ಅಲ್ಲಾಡ್ಸ್ಬೇಡ."

ಅವರು ತುಂಬ ಹೊತ್ತು ನೋಡಿದರು. ಆಮೇಲೆ ಎದ್ದು, ಪಕ್ಕೆ ಒರೆಸಿಕೊಂಡು, ಸಾಲಿನಲ್ಲಿದ್ದ ಅಷ್ಟೂ ಮಂದಿಯನ್ನು ಸ್ಕ್ಯಾನ್ ಮಾಡಿ ಮುಗಿಸಿದರು! ನಾನು ಗೋಡೆಗೆ ಒರಗಿ ನೋಡುತ್ತಲೇ ಇದ್ದೆ. ಹೊರಡುವಾಗ ಇಷ್ಟೇ ಅಂದರು, "ಬಪ್ಪ ವಾರ ನಾನ್ ಬತ್ತಿಲ್ಲೆ."

ಆ ಕಿಡ್ನಿಯನ್ನು ತೆಗೆದರು. ಅಷ್ಟರೊಳಗೆ ಕ್ಯಾನ್ಸರ್ ಗಡ್ಡೆ ಶ್ವಾಸಕೋಶಕ್ಕೂ ಹರಡಿತ್ತಂತೆ. ಬ್ರಹ್ಮಾವರದ ಮನೆಗೆ ನೋಡಲು ಹೋದಾಗ ದಿಂಬಿಗೆ ಒರಗಿದ್ದವರು ಕೈ ಬೀಸಿ ಕರೆದರು.

"ಬಾ, ಬೊಂಡದ ಡಾಕ್ಟ್ರೇ. ಊರವ್ರ ಕಲ್ಲ್ ಹುಡ್ಕಿದ್ದೇ ಬಂತ್ ಕಾಣ್. ನನ್ ಎಡಬದಿ ಒಂದ್ ಸಲ ಕಾಂಬ ಅಂತ ತೋಚ್ಲೇ ಇಲ್ಲ."

"ಡಾಕ್ಟ್ರೇ, ನಾನ್ ಮೊದಲ್ನೇ ತಿಂಗ್ಳೇ ನಿಮ್ಮೆದ್ರ್ ಮಾಡಿ ತೋರ್ಸಿದ್ರೆ..."

ಅವರು ಕಿಟಕಿಯ ಆಚೆ ನೋಡಿದರು. ಸುಳ್ಳು ಹೇಳಿಯಾದರೂ ಸಮಾಧಾನ ಮಾಡಬಹುದಿತ್ತು... ಅವರಿಗೆ ಸುಳ್ಳು ಬರುತ್ತಿರಲಿಲ್ಲ. ಮುಂದಿನ ಮಳೆಗಾಲದೊಳಗೆ ಹೋಗಿಬಿಟ್ಟರು. ಸುದ್ದಿ ಹೇಳಿದವನಿಗೆ ನಾನು ಬೈದೆ, ತಮಾಷೆಗೂ ಒಂದು ಮಿತಿ ಬೇಕೆಂದು. ನಾನು!

ಮೊನ್ನೆ ಸ್ಕ್ಯಾನಿಂಗ್ ಮಾಡಿದ ಡಾಕ್ಟ್ರಮ್ಮ ನನ್ನ ಹೊಟ್ಟೆ ಒರೆಸಲು ಕಾಗದ ಕೊಟ್ಟು, "ಸಣ್ಣ ಕಲ್ಲು, ತಾನಾಗಿ ಹೋಗುತ್ತೆ. ಎರಡೂ ಕಿಡ್ನಿ ಚೆನ್ನಾಗಿದೆ" ಅಂದರು. ನಾನು ಅಂಗಿ ಇಳಿಸಿಕೊಂಡು ಬಾಗಿಲ ತನಕ ಹೋದವನು ತಿರುಗಿ ನಿಂತೆ.

"ಮೇಡಂ, ನಿಮ್ ಕಿಡ್ನಿ ನೀವ್ ಕಂಡ್ಕಂಡಿದ್ರಿಯಾ?"

ಅವರು ನಕ್ಕರು. ನಾನು ನಗಲಿಲ್ಲ.

"ಎರಡೂ ಬದಿ ಮೇಡಂ. ಇವತ್ತೇ ಕಾಣಿ."